ಅಮ್ಮನ ಪಕ್ಕದ ಸೀಟು

ಅಣ್ಣನ ಮಗಳು ತಿಪಟೂರಿನಿಂದ ಬಂದು ಬೆಂಗಳೂರಿನ ಕಾಲೇಜಿಗೆ ಸೇರಿದಳು. ಹಾಸ್ಟೆಲ್ಲಿಗೆ ಹೋದ ಮೊದಲ ವಾರವೇ ಫೋನ್ ಮಾಡಿ, ‘ಅತ್ತೆ, ಈ ಊರಲ್ಲಿ ನಾಟಕ, ಸಿನಿಮಾ ನೋಡೋಕೆ ಯಾವ ಯಾವ ಥಿಯೇಟರ್ ಚೆನ್ನಾಗಿವೆ? ಒಂದು ಪಟ್ಟಿ ಮಾಡಿ ಕಳಿಸಿ’ ಅಂದಳು. ಮೂವತ್ತು ವರ್ಷದಿಂದ ಈ ಊರಲ್ಲಿ ನಾಟಕ ನೋಡಿಕೊಂಡು ಬಂದವಳು ನಾನು. ಇದಕ್ಕಿಂತ ಸುಲಭದ ಕೆಲಸ ಇನ್ನೇನಿದೆ ಎಂದುಕೊಂಡು ಅವತ್ತು ರಾತ್ರಿಯೇ ಕಾಗದ ಪೆನ್ನು ಹಿಡಿದು ಕೂತೆ.

ಕೂತ ಮೇಲೆ ಗೊತ್ತಾಯಿತು, ಅದು ಅಷ್ಟು ಸುಲಭವಲ್ಲ. ನೆನಪಿಗೆ ಬಂದ ಹೆಸರುಗಳನ್ನು ಬರೆಯುತ್ತಾ ಹೋದೆ. ಎಂ.ಜಿ. ರಸ್ತೆಯ ಪ್ಲಾಜಾ. ಅದು 1936ರಲ್ಲಿ ಶುರುವಾದದ್ದು, ಈಗ ಆ ಜಾಗದಲ್ಲಿ ಮೆಟ್ರೊ ನಿಲ್ದಾಣ. ಹೊಡೆದು ಹಾಕಿದೆ. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯ ದಿನ ಮುಚ್ಚಿತು. ಅದನ್ನೂ ಹೊಡೆದೆ. ಗಾಂಧಿನಗರದ ಕಪಾಲಿ, ಒಂದು ಕಾಲಕ್ಕೆ ಊರಿನವರೆಲ್ಲ ಅದರ ಪರದೆಯ ಅಗಲವನ್ನು ಕೈ ಚಾಚಿ ತೋರಿಸುತ್ತಿದ್ದರು. ಅದೂ ಇಲ್ಲ. ಸ್ಯಾಂಕಿ ರಸ್ತೆಯ ಕಾವೇರಿ 1974ರಲ್ಲಿ ರಾಜ್‌ಕುಮಾರ್ ಅವರ ‘ಬಂಗಾರದ ಪಂಜರ’ದೊಂದಿಗೆ ಬಾಗಿಲು ತೆರೆದು, ಐವತ್ತು ವರ್ಷ ತುಂಬಿಸಿಕೊಂಡು 2024ರಲ್ಲಿ ಬಾಗಿಲು ಹಾಕಿಕೊಂಡಿತು. ಅರ್ಧ ಪಟ್ಟಿ ಹೀಗೆ ಅಡ್ಡಗೆರೆಯ ಕೆಳಗೆ ಹೋಯಿತು. ಹುಡುಗಿ ಕೇಳಿದ್ದು ಹೋಗಬಹುದಾದ ಜಾಗಗಳ ಪಟ್ಟಿ, ನಾನು ಬರೆದದ್ದು ತಿಥಿಯ ಪಟ್ಟಿ.

ಪಕ್ಕದಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದ ಅಮ್ಮ, ‘ಏನೇ ಅದು ಅಷ್ಟೊಂದು ಗೀಚ್ತಿದ್ದೀಯ?’ ಎಂದಳು. ಹೇಳಿದೆ. ಸ್ವಲ್ಪ ಹೊತ್ತು ಕಾಳು ಬಿಡಿಸಿ, ತಲೆ ಎತ್ತದೆ, ‘ಅವಳನ್ನ ಕರ್ಕೊಂಡು ಹೋಗೋವಾಗ ಹೇಳು. ನಾನೂ ಬರ್ತೀನಿ’ ಎಂದಳು.

ನನ್ನ ಪೆನ್ನು ನಿಂತಿತು. ಅಮ್ಮ ನನ್ನ ಜೊತೆ ಥಿಯೇಟರಿಗೆ ಬರುತ್ತೇನೆ ಅಂದು ಎಷ್ಟೋ ಕಾಲವಾಗಿತ್ತು. ಯಾಕೆ ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು. ನಾವು ಯಾವತ್ತೂ ಅದರ ಬಗ್ಗೆ ಮಾತಾಡಿರಲಿಲ್ಲ, ಅಷ್ಟೇ.

1996ರಲ್ಲಿ ನಾನು ಎಂ.ಎ. ಓದುತ್ತಿದ್ದೆ. ಹಳ್ಳಿಯಿಂದ ಬಂದ ಹುಡುಗಿಗೆ ಒಳ್ಳೆಯ ಸಿನಿಮಾದ ರುಚಿ ಆಗಷ್ಟೇ ಹತ್ತಿತ್ತು. ಹತ್ತಿದ ಹೊಸದರಲ್ಲಿ ರುಚಿಗಿಂತ ಅದರ ಗರ್ವವೇ ಜಾಸ್ತಿ. ನಗರದ ಒಂದು ಚಿತ್ರ ಸಮಾಜದಲ್ಲಿ ಸತ್ಯಜಿತ್ ರೇ ಅವರ ‘ಪಥೇರ್ ಪಾಂಚಾಲಿ’ ಇತ್ತು. ಊರಿಂದ ಬಂದಿದ್ದ ಅಮ್ಮನನ್ನೂ ಕರೆದುಕೊಂಡು ಹೋದೆ. ಬಂಗಾಳಿ ಬರದಿದ್ದರೂ ಅಮ್ಮನಿಗೆ ಎಲ್ಲ ಅರ್ಥವಾಗುತ್ತಿತ್ತು. ಬಡವರ ಮನೆ, ಬಚ್ಚಲು, ಜಗಳ, ಕದ್ದ ಹಣ್ಣು. ಅರ್ಥವಾಗದಿರಲು ಅಲ್ಲಿ ಏನಿದೆ? ಆ ಮನೆಯ ಮುದುಕಿ, ಇಂದಿರ್ ಠಾಕುರುಣ್, ತನ್ನ ಗಂಟುಮೂಟೆ ಎತ್ತಿಕೊಂಡು ಹೊರಡುವ ಹೊತ್ತಿಗೆ ಅಮ್ಮ ತಡೆಯಲಾರದೆ, ‘ಅಯ್ಯೋ, ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ತಾಳೆ ಆ ಮುದುಕಿ?’ ಎಂದುಬಿಟ್ಟಳು. ಗಟ್ಟಿಯಾಗಿ, ಊರಿನ ಜಗುಲಿಯಲ್ಲಿ ಕೇಳುವ ಹಾಗೆ.

ಮುಂದಿನ ಸಾಲಿನಲ್ಲಿ ಎರಡು ತಲೆ ಹಿಂದಕ್ಕೆ ತಿರುಗಿದವು. ಅದರಲ್ಲಿ ಒಂದು ನನ್ನ ಸಹಪಾಠಿಯದು. ನಾನು ಅಮ್ಮನ ಕೈ ಚಿವುಟಿ, ಹಲ್ಲು ಕಚ್ಚಿ, ‘ಸುಮ್ನಿರಮ್ಮ, ಇದೇನು ಕಂಪನಿ ನಾಟಕ ಅಲ್ಲ’ ಎಂದೆ. ಅಮ್ಮ ಸುಮ್ಮನಾದಳು. ಸಿನಿಮಾ ಮುಗಿದು ಬಸ್ಸು ಹತ್ತಿದಾಗಲೂ ಸುಮ್ಮನಿದ್ದಳು. ಆಮೇಲೆ ನಾನು ಎಷ್ಟು ಸಲ ಕರೆದರೂ, ‘ನಿಮ್ಮ ಥೇಟ್ರಲ್ಲಿ ಕೂರೋಕೆ ನಂಗೆ ಬರಲ್ಲ ಬಿಡು’ ಎಂದು ತೇಲಿಸಿಬಿಡುತ್ತಿದ್ದಳು. ನಾನೂ ಹೆಚ್ಚು ಒತ್ತಾಯ ಮಾಡಲಿಲ್ಲ. ನಿಜ ಹೇಳಬೇಕೆಂದರೆ, ನನಗೆ ಅದು ಅನುಕೂಲವೇ ಆಗಿತ್ತು.

‘ಕಂಪನಿ ನಾಟಕ ಅಲ್ಲ’ ಎಂದೆನಲ್ಲ, ಆ ಮಾತು ಎಷ್ಟು ದಡ್ಡತನದ್ದು ಎಂದು ತಿಳಿಯಲು ನನಗೆ ವರ್ಷಗಳೇ ಹಿಡಿದವು. ಅಮ್ಮನ ತೌರು ಗುಬ್ಬಿಯ ಹತ್ತಿರದ ಹಳ್ಳಿ. ಗುಬ್ಬಿ ವೀರಣ್ಣನವರ ಸೀಮೆ. ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನು ರಂಗದ ಮೇಲೆ ತಂದ ಕಂಪನಿ ಅದು. ಅಮ್ಮ ಅದನ್ನು ನೋಡಿದವಳಲ್ಲ, ಅದರ ಕತೆ ಕೇಳಿ ಬೆಳೆದವಳು. ಆದರೆ ಜಾತ್ರೆಗೆ ಬಂದು ಡೇರೆ ಹಾಕುತ್ತಿದ್ದ ಬೇರೆ ಕಂಪನಿಗಳ ನಾಟಕಗಳನ್ನು ತಾತನ ಗಾಡಿಯಲ್ಲಿ ಹೋಗಿ ಎಷ್ಟೋ ನೋಡಿದ್ದಳು. ಅಲ್ಲಿ ಹಾಡು ಚೆನ್ನಾಗಿದ್ದರೆ ಜನ ‘ಒನ್ಸ್ ಮೋರ್’ ಎಂದು ಕೂಗಬೇಕು. ಕೂಗದಿದ್ದರೆ ನಟನಿಗೆ ಅವಮಾನ. ಸತ್ತು ಬಿದ್ದ ಪಾತ್ರ ‘ಒನ್ಸ್ ಮೋರ್’ ಕೇಳಿ ಎದ್ದು ನಿಂತು, ಮತ್ತೊಮ್ಮೆ ಹಾಡಿ, ಮತ್ತೊಮ್ಮೆ ಸತ್ತ ಕತೆಯನ್ನು ಅಮ್ಮ ನಮಗೆ ಹೇಳಿ ನಗಿಸುತ್ತಿದ್ದಳು. ಹಾಸ್ಯಗಾರ ಮುಂದಿನ ಸಾಲಿನವರನ್ನು ಮಾತಿಗೆಳೆದರೆ ಅವರು ಉತ್ತರ ಕೊಡಬೇಕಿತ್ತು. ಅಮ್ಮನಿಗೆ ಥಿಯೇಟರಿನಲ್ಲಿ ಕೂರಲು ಬರುತ್ತಿರಲಿಲ್ಲ ಎನ್ನುವುದು ಸುಳ್ಳು. ನನಗಿಂತ ಮೊದಲೇ, ಬೇರೆ ಶಾಲೆಯಲ್ಲಿ, ಅವಳು ಅದನ್ನು ಕಲಿತಿದ್ದಳು.

ಹಾಗಾಗಿ ಈ ಸಲ ಪಟ್ಟಿಯನ್ನು ಬದಿಗಿಟ್ಟು, ಮೂರು ಭಾನುವಾರ ಮೂವರೂ ಒಟ್ಟಿಗೆ ಹೋಗುವುದು ಎಂದು ತೀರ್ಮಾನ ಮಾಡಿದೆವು. ಒಂದು ಅಮ್ಮನ ಆಯ್ಕೆ, ಒಂದು ನನ್ನದು, ಕೊನೆಯದು ಹುಡುಗಿಯದು.

ಅಮ್ಮನ ಆಯ್ಕೆ ಕೇಳುವುದೇ ಬೇಡ, ಮೆಜೆಸ್ಟಿಕ್. ಮೆಟ್ರೊದಿಂದ ಮೇಲೆ ಬಂದು ಕೆಂಪೇಗೌಡ ರಸ್ತೆಯಲ್ಲಿ ನಿಧಾನಕ್ಕೆ ನಡೆದೆವು. ಒಂದು ಕಾಲದಲ್ಲಿ ಈ ರಸ್ತೆಯಲ್ಲೂ ಅದರ ಅಕ್ಕಪಕ್ಕದ ಬೀದಿಗಳಲ್ಲೂ ಸಾಲಾಗಿ ಟಾಕೀಸುಗಳಿದ್ದವು. ಸಾಗರ್, ತ್ರಿಭುವನ್, ಅನುಪಮ, ಮೇನಕಾ, ಅಭಿನಯ, ಒಂದೇ ಆವರಣದಲ್ಲಿದ್ದ ಸಂತೋಷ್, ನರ್ತಕಿ, ಸಪ್ನಾ. ಹಳ್ಳಿಯಿಂದ ಬಂದವರು ಬಸ್ಸಿಳಿದು ನಡೆದೇ ಹೋಗಿ, ಒಂದರಲ್ಲಿ ಟಿಕೆಟ್ ಸಿಗದಿದ್ದರೆ ಇನ್ನೊಂದರಲ್ಲಿ ಕೂತು, ರಾತ್ರಿ ಬಸ್ಸಿಗೆ ವಾಪಸಾಗಬಹುದಿತ್ತು. ಕನ್ನಡ ಸಿನಿಮಾಕ್ಕೆ ‘ಗಾಂಧಿನಗರ’ ಎನ್ನುವ ಅಡ್ಡಹೆಸರು ಬಂದದ್ದೂ ಇಲ್ಲೇ ನಿರ್ಮಾಪಕರ, ಹಂಚಿಕೆದಾರರ ಕಚೇರಿಗಳು ಗುಂಪುಗೂಡಿದ್ದರಿಂದ.

ಭೂಮಿಕಾ ಇರುವ ಕಡೆ ಬಂದಾಗ ಅಮ್ಮ ನಿಂತಳು. ‘ಇದು ಸ್ಟೇಟ್ಸ್ ಕಣೆ’ ಎಂದಳು. ಅದರ ಹಳೆಯ ಹೆಸರು ಅದೇ. 1972ರ ‘ಬಂಗಾರದ ಮನುಷ್ಯ’ ಎರಡು ವರ್ಷ ಓಡಿದ್ದು ಆ ಟಾಕೀಸಿನಲ್ಲಿ. ಮದುವೆಯಾದ ಹೊಸದರಲ್ಲಿ, 1973ರಲ್ಲಿ, ಅಪ್ಪ ಅವಳನ್ನು ಕರೆದುಕೊಂಡು ಬಂದು ಅದನ್ನೇ ತೋರಿಸಿದ್ದರಂತೆ. ಬಿಡುಗಡೆಯಾಗಿ ವರ್ಷದ ಮೇಲಾಗಿದ್ದರೂ ಟಿಕೆಟ್ಟಿಗೆ ನೂಕುನುಗ್ಗಲು. ‘ಹೆಂಗಸರ ಸಾಲು ಬೇರೆ ಇತ್ತು. ಅದಕ್ಕೇ ನಿಮ್ಮಪ್ಪ ನನ್ನ ಕೈಗೆ ದುಡ್ಡು ಕೊಟ್ಟು ನಿಲ್ಲಿಸಿದ್ರು. ನಾನು ಯಾವತ್ತೂ ದುಡ್ಡು ಕೊಟ್ಟು ಏನೂ ಕೊಂಡವಳಲ್ಲ. ಮೊದಲನೇ ಸಲ ನನ್ನ ಕೈಯಿಂದ ಕೊಂಡದ್ದು ಅಂದ್ರೆ ಆ ಎರಡು ಟಿಕೆಟ್ಟು’ ಎಂದಳು. ಐವತ್ತು ವರ್ಷದಲ್ಲಿ ಈ ಮಾತನ್ನು ಅವಳು ನನಗೆ ಹೇಳಿರಲೇ ಇಲ್ಲ. ನಾನು ಕೇಳಿರಲಿಲ್ಲ.

ಅವತ್ತು ಅಲ್ಲೇ ಹತ್ತಿರದ ಒಂದು ಟಾಕೀಸಿನಲ್ಲಿ ಹೊಸ ಕನ್ನಡ ಸಿನಿಮಾ ನೋಡಿದೆವು. ನಾಯಕ ಬಂದಾಗ ಶಿಳ್ಳೆ, ಹರಿದ ಕಾಗದದ ಮಳೆ. ಅಮ್ಮ ಧಾರಾಳವಾಗಿ ಮಾತಾಡಿದಳು. ಖಳನಾಯಕನಿಗೆ ಬೈದಳು, ನಾಯಕಿಗೆ ಬುದ್ಧಿ ಹೇಳಿದಳು. ಯಾರೂ ತಿರುಗಿ ನೋಡಲಿಲ್ಲ, ಯಾಕೆಂದರೆ ಎಲ್ಲರೂ ಅದನ್ನೇ ಮಾಡುತ್ತಿದ್ದರು. ಅಣ್ಣನ ಮಗಳಿಗೆ ಸಿನಿಮಾ ಹಿಡಿಸಲಿಲ್ಲ, ಟಾಕೀಸು ಹಿಡಿಸಿತು. ‘ಮಾಲಲ್ಲಿ ಹೀಗಿರಲ್ಲ ಅತ್ತೆ’ ಎಂದಳು. ಇರುವುದಿಲ್ಲ, ನಿಜ. ಆದರೆ ಮಾಲನ್ನು ಬೈಯುವುದೂ ನನಗೆ ಕಷ್ಟ. ‘ಮುಂಗಾರು ಮಳೆ’ ಮಲ್ಟಿಪ್ಲೆಕ್ಸಿನಲ್ಲಿ ಒಂದು ವರ್ಷಕ್ಕೂ ಮೀರಿ ಓಡಿದ್ದು ಇದೇ ಊರಿನಲ್ಲಿ. ಕನ್ನಡ ಸಿನಿಮಾ ಮಾಲಿಗೆ ಹೋಗುವುದಿಲ್ಲ ಎಂದುಕೊಂಡಿದ್ದವರ ಬಾಯಿ ಮುಚ್ಚಿಸಿದ ಚಿತ್ರ ಅದು. ಒಬ್ಬಳೇ ಹುಡುಗಿ ರಾತ್ರಿ ಆಟಕ್ಕೆ ಹೋಗಿ ನೆಮ್ಮದಿಯಿಂದ ಕೂರಬಹುದಾದ ಜಾಗವೂ ಬಹಳ ಕಾಲ ಅದೊಂದೇ ಆಗಿತ್ತು. ನನ್ನ ಕಾಲೇಜು ದಿನಗಳಲ್ಲಿ ನಾನು ಮೆಜೆಸ್ಟಿಕ್ಕಿಗೆ ಒಬ್ಬಳೇ ಹೋದದ್ದಿಲ್ಲ. ಹೋಗಲು ಧೈರ್ಯವಿರಲಿಲ್ಲ.

ಎರಡನೆಯ ಭಾನುವಾರ ನನ್ನದು. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ. ಟಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿಸಿ, 1963ರಲ್ಲಿ ತೆರೆದ ರಂಗಮಂದಿರ. ನಾನು ಈ ಊರಲ್ಲಿ ಒಬ್ಬಳೇ ನಾಟಕ ನೋಡಲು ಕಲಿತದ್ದು ಇಲ್ಲಿ. ನಾಟಕ ಶುರುವಾಗುವ ಮೊದಲು ಮೆಟ್ಟಿಲ ಮೇಲೆ ನಿಂತರೆ ಸಾಕು, ಊರಿನ ಕವಿಗಳು, ಮೇಷ್ಟ್ರುಗಳು, ನಟರು, ನಟರಾಗಬೇಕೆಂದು ಅಲೆಯುವ ಹುಡುಗರು ಎಲ್ಲರೂ ಕಣ್ಣಿಗೆ ಬೀಳುತ್ತಾರೆ. ಪಕ್ಕದ ಕನ್ನಡ ಭವನದಲ್ಲಿ ನಯನ ಸಭಾಂಗಣವಿದೆ. ಸಣ್ಣ ತಂಡಗಳು ಅಲ್ಲಿ ಆಡುತ್ತವೆ. ಒಂದು ಸಂಜೆ ಇಲ್ಲಿ ಟಿಕೆಟ್ ಸಿಗದಿದ್ದರೆ ಅಲ್ಲಿ ಕೂರಬಹುದು.

ಆದರೆ ನಾನು ಹುಡುಗಿಗೆ ತೋರಿಸಬೇಕೆಂದಿದ್ದದ್ದು ಕಲಾಕ್ಷೇತ್ರದ ಹಿಂಬದಿಯನ್ನು. ನಾಟಕಕಾರ ಸಂಸರ ಹೆಸರಿನ ಬಯಲು ರಂಗಮಂದಿರ. 1972ರಲ್ಲಿ ಬಿ.ವಿ. ಕಾರಂತರು ಈಡಿಪಸ್, ಲಂಕೇಶರ ‘ಸಂಕ್ರಾಂತಿ’, ಕಂಬಾರರ ‘ಜೋಕುಮಾರಸ್ವಾಮಿ’ ಈ ಮೂರೂ ನಾಟಕಗಳನ್ನು ಕಲಾಕ್ಷೇತ್ರದ ಹಿಂದಿನ ಬಯಲಿಗೆ ತಂದರು. ಕನ್ನಡದ ಆಧುನಿಕ ರಂಗಭೂಮಿಯ ಮಾತು ಬಂದಾಗಲೆಲ್ಲ ಜನ ಆ ಬಯಲನ್ನು ನೆನೆಯುತ್ತಾರೆ. ಒಳಗೆ ಕುರ್ಚಿ, ಪರದೆ, ದೀಪ ಎಲ್ಲ ಇದ್ದ ಒಂದು ಭವ್ಯ ಕಟ್ಟಡದ ಬೆನ್ನಿಗೇ, ಆಕಾಶದ ಕೆಳಗೆ ಹೊಸದೊಂದು ಶುರುವಾಯಿತು ಎನ್ನುವುದು ನನಗೆ ಯಾವಾಗಲೂ ಇಷ್ಟದ ಸಂಗತಿ. ಇದನ್ನೆಲ್ಲ ನಾನು ಉತ್ಸಾಹದಿಂದ ವಿವರಿಸುತ್ತಿದ್ದರೆ, ಅಮ್ಮ ಕಲ್ಲಿನ ಮೆಟ್ಟಿಲ ಮೇಲೆ ಮಂಡಿ ನೀವಿಕೊಳ್ಳುತ್ತಾ ಕೂತು, ‘ಇದು ನಮ್ಮೂರ ಕಡೆ ಥರಾನೇ ಇದೆ. ಇಲ್ಲಿ ಮಾತಾಡಬಹುದು ಅನ್ಸತ್ತೆ’ ಎಂದಳು.

ಅವಳು ತಮಾಷೆಗೆ ಅಂದಳೋ ಏನೋ. ನನಗೆ ಮಾತ್ರ ಎಲ್ಲೋ ಚಿವುಟಿದ ಹಾಗಾಯಿತು.

ಅಮ್ಮನ ಮಂಡಿಯ ದೆಸೆಯಿಂದ ನಾನು ಮೂವತ್ತು ವರ್ಷದಲ್ಲಿ ಕಾಣದಿದ್ದ ಒಂದು ಬೆಂಗಳೂರನ್ನು ಆ ವಾರಗಳಲ್ಲಿ ಕಂಡೆ. ಟೌನ್ ಹಾಲಿನ ಕಂಬಗಳ ಮುಂದಿನ ಉದ್ದನೆಯ ಮೆಟ್ಟಿಲ ಸಾಲು ಎಷ್ಟು ಚಂದ ಎಂದು ನಾನು ಬರೆದಿಟ್ಟುಕೊಂಡಿದ್ದೆ. ಅಮ್ಮ ಅದನ್ನು ನೋಡಿ, ‘ಇದೇನು ಥೇಟ್ರೋ ಬೆಟ್ಟವೋ’ ಎಂದಳು. ಪಿಟೀಲಿನ ಆಕಾರದಲ್ಲಿ ಕಟ್ಟಿದ ಚೌಡಯ್ಯ ಸ್ಮಾರಕ ಭವನವನ್ನು ಆಟೊದಿಂದಲೇ ತೋರಿಸಿದಾಗ ಮಾತ್ರ ಬಾಯಿ ತುಂಬ ನಕ್ಕು, ‘ತಂತಿ ಎಲ್ಲಿ?’ ಎಂದು ಕೇಳಿದಳು. ಶೌಚಾಲಯ ಎಷ್ಟು ದೂರ, ಹಿಡಿದುಕೊಳ್ಳಲು ಕಂಬಿ ಇದೆಯೇ, ರಾತ್ರಿ ಒಂಬತ್ತೂವರೆಗೆ ಹೊರಬಂದರೆ ಬಸ್ಸು ಸಿಗುತ್ತದೆಯೇ ಎನ್ನುವ ಪ್ರಶ್ನೆಗಳು ನನ್ನ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಒಂದು ರಂಗಮಂದಿರ ಒಳ್ಳೆಯದೇ ಅಲ್ಲವೇ ಎನ್ನುವುದನ್ನು ಅಲ್ಲಿಗೆ ಬರಲಾಗದೆ ಉಳಿದವರನ್ನೂ ಕೇಳಬೇಕು.

ಮೂರನೆಯದು ಹುಡುಗಿಯ ಆಯ್ಕೆ, ಜೆ.ಪಿ. ನಗರದ ರಂಗಶಂಕರ. ಅವಳ ಗೆಳತಿಯರೆಲ್ಲ ಹೇಳಿದ್ದರಂತೆ. 1990ರಲ್ಲಿ ತೀರಿಕೊಂಡ ಶಂಕರ್ ನಾಗ್ ಅವರ ಕನಸನ್ನು ಅರುಂಧತಿ ನಾಗ್ ವರ್ಷಗಟ್ಟಲೆ ಓಡಾಡಿ, ಹಣ ಕೂಡಿಸಿ, 2004ರಲ್ಲಿ ನಿಲ್ಲಿಸಿದ ರಂಗಮಂದಿರ. ದಿನಾ ಒಂದು ನಾಟಕ ಎನ್ನುವುದು ಅದರ ಆಸೆ. ರಂಗ ಮುಂದಕ್ಕೆ ಚಾಚಿಕೊಂಡಿದೆ. ಪ್ರೇಕ್ಷಕರು ಮೂರು ಕಡೆಯಿಂದ ಸುತ್ತುವರಿದು ಕೂರುತ್ತಾರೆ. ನಟನ ಉಸಿರು ಕೇಳಿಸುವಷ್ಟು ಹತ್ತಿರ. ಇಲ್ಲಿಯ ಎರಡು ಕಟ್ಟಳೆಗಳು ಊರಿಗೆಲ್ಲ ಗೊತ್ತು: ನಾಟಕ ಹೊತ್ತಿಗೆ ಸರಿಯಾಗಿ ಶುರುವಾಗುತ್ತದೆ, ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಮೂರು ನಿಮಿಷ ತಡವಾಗಿ ಬಂದು, ಟಿಕೆಟ್ ಕೈಯಲ್ಲಿ ಹಿಡಿದು ಹೊರಗೇ ನಿಂತ ಸಂಜೆ ನನ್ನ ಲೆಕ್ಕದಲ್ಲೂ ಒಂದಿದೆ. ತಪ್ಪು ನನ್ನದೇ. ಅದರಿಂದ ನಾನು ಬೇಗ ಹೊರಡುವುದನ್ನು ಕಲಿತೆ.

ಅವತ್ತು ಬೇಗ ಹೋಗಿ ಮುಂದಿನ ಸಾಲಿನಲ್ಲೇ ಕೂತೆವು. ನಾನು ಮಧ್ಯೆ, ಬಲಕ್ಕೆ ಹುಡುಗಿ, ಎಡಕ್ಕೆ ಅಮ್ಮ. ಒಂದು ಮನೆಯ ನಾಟಕ. ಆಸ್ತಿ ಪಾಲು, ಅಣ್ಣತಮ್ಮಂದಿರ ಮುನಿಸು, ಯಾರ ಮನೆಯಲ್ಲಿ ಇರಬೇಕೆಂದು ತಿಳಿಯದ ಒಬ್ಬ ತಂದೆ. ಅಮ್ಮ ಮಾತಾಡುವ ನಾಟಕವೇ ಅದು. ದೀಪ ಆರಿದ ಕ್ಷಣದಿಂದ ನಾನು ಕಾದೆ. ಈಗ ಅಂದಾಳು, ಈಗ ಅಂದಾಳು. ಅಂದರೆ ಅನ್ನಲಿ, ಯಾರು ಬೇಕಾದರೂ ತಿರುಗಿ ನೋಡಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ತಂದೆಯ ಪಾತ್ರಧಾರಿ ನಮ್ಮಿಂದ ನಾಲ್ಕೇ ಅಡಿ ದೂರದಲ್ಲಿ ಬಂದು ನಿಂತು, ನಮ್ಮ ಕಡೆಗೇ ನೋಡುತ್ತಾ, ತಾನು ಮಾಡಿದ್ದರಲ್ಲಿ ತಪ್ಪೇನಿತ್ತು ಎಂದು ಕೇಳಿದ. ಕಂಪನಿ ನಾಟಕದಲ್ಲಾದರೆ ಡೇರೆಯ ಅರ್ಧ ಜನ ಉತ್ತರ ಕೊಡುತ್ತಿದ್ದರು.

ಅಮ್ಮ ಬಾಯಿ ಬಿಡಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದು ಕೂತಿದ್ದಳು. ನಾಟಕ ಮುಗಿಯುವವರೆಗೂ ಹಾಗೇ ಕೂತಿದ್ದಳು. ನಾನು ಕಲಿಸಿದ ಪಾಠವನ್ನು ಅವಳು ಅಷ್ಟು ವರ್ಷ ಜೋಪಾನ ಮಾಡಿಟ್ಟಿದ್ದಳು.

ಹೊರಗೆ ಬಂದು ಅಲ್ಲಿಯ ಕ್ಯಾಂಟೀನಿನಲ್ಲಿ ಸಾಬುದಾನಿ ವಡೆ ತೆಗೆದುಕೊಂಡೆವು. ವಡೆ ಮುರಿಯುತ್ತಿದ್ದ ಹಾಗೆ ಅಮ್ಮನ ಮಾತು ಶುರುವಾಯಿತು. ಯಾವ ಮಗ ಯಾವ ಮಾತಾಡಬಾರದಿತ್ತು, ಸೊಸೆ ಆ ಬಾಗಿಲ ಹತ್ತಿರ ನಿಂತದ್ದು ಎಷ್ಟು ಸರಿ, ಆ ತಂದೆಯ ಪಂಚೆ ಯಾಕೆ ಅಷ್ಟು ಹೊಸದಾಗಿತ್ತು. ಒಂದೂವರೆ ಗಂಟೆ ತಡೆದಿಟ್ಟುಕೊಂಡದ್ದನ್ನೆಲ್ಲ ದೃಶ್ಯದ ಅನುಕ್ರಮದಲ್ಲೇ ಹೇಳಿದಳು. ಹುಡುಗಿ ಮೊಬೈಲು ಬದಿಗಿಟ್ಟು, ಗಲ್ಲಕ್ಕೆ ಕೈ ಕೊಟ್ಟು ಕೇಳಿದಳು. ನಾನು ಓದಿದ ಎಷ್ಟೋ ವಿಮರ್ಶೆಗಳಲ್ಲಿ ಆ ಪಂಚೆಯಂಥದ್ದನ್ನು ಯಾರೂ ಗಮನಿಸಿದ್ದಿಲ್ಲ.

‘ಒಳಗೇ ಹೇಳಬಹುದಿತ್ತಲ್ಲಮ್ಮ’ ಎಂದೆ. ಹೇಳಿದ ಮೇಲೆ ನನ್ನ ದನಿ ನನಗೇ ಸರಿ ಕಾಣಲಿಲ್ಲ.

ಅಮ್ಮ ಸ್ವಲ್ಪ ಹೊತ್ತು ಚಟ್ನಿಯ ಬಟ್ಟಲನ್ನೇ ನೋಡಿದಳು. ಆಮೇಲೆ, ‘ಅವತ್ತು ಆ ಬಂಗಾಳಿ ಸಿನಿಮಾದಲ್ಲಿ ಆ ಮುದುಕಿ ಎಲ್ಲಿಗೆ ಹೋದಳು ಅಂತ ನೀನು ಹೇಳಲೇ ಇಲ್ಲ’ ಎಂದಳು.

‘ನೀನೂ ನೋಡಿದ್ಯಲ್ಲಮ್ಮ.’

‘ಎಲ್ಲಿ ನೋಡಿದೆ? ನೀನು ಬೈದ ಮೇಲೆ ತಲೆ ತಗ್ಗಿಸಿಕೊಂಡು ಕೂತಿದ್ದೆ. ಎತ್ತಿದರೆ ಎಲ್ಲಿ ಮತ್ತೆ ಮಾತು ಬಂದುಬಿಡತ್ತೋ ಅಂತ. ಅಷ್ಟು ಹೊತ್ತು ನಿನ್ನ ಚಪ್ಪಲಿ ನೋಡ್ತಿದ್ದೆ.’

ನನಗೆ ಏನು ಹೇಳಬೇಕೋ ತೋಚಲಿಲ್ಲ. ಸುತ್ತ ಜನ ಕಾಫಿ ಕುಡಿಯುತ್ತಿದ್ದರು. ನಾಟಕದ ನಟರು ಬಣ್ಣ ಒರೆಸಿಕೊಂಡು ಹೊರಗೆ ಬರುತ್ತಿದ್ದರು. ‘ಅವಳು ಸತ್ತುಹೋಗ್ತಾಳಮ್ಮ’ ಎಂದೆ. ‘ಮನೆಗೆ ವಾಪಸು ಬರ್ತಾಳೆ, ಅವರು ಸೇರಿಸಲ್ಲ. ಆಮೇಲೆ ಬಿದಿರು ಮೆಳೆಯಲ್ಲಿ ಕೂತಲ್ಲೇ ಜೀವ ಹೋಗಿರತ್ತೆ. ಮಕ್ಕಳು ನೋಡ್ತಾರೆ.’

ಅಮ್ಮ ‘ಹೌದಾ’ ಎಂದಳು. ‘ಎಲ್ಲೋ ಯಾರದೋ ಮನೇಲಿ ಊಟಕ್ಕೆ ಕೂತಿರ್ತಾಳೆ ಅಂದ್ಕೊಂಡಿದ್ದೆ ನಾನು, ಇಷ್ಟು ವರ್ಷ.’

ಮನೆಗೆ ಬಂದ ಮೇಲೆ, ಅಮ್ಮ ಮಲಗುವ ಮೊದಲು, ಅವತ್ತು ನಾನು ಚಿವುಟಿದ್ದು ತಪ್ಪಾಯಿತು ಎಂದೆ. ‘ಚಿವುಟಿದ್ಯಾ? ಅದು ನೆನಪಿಲ್ಲ’ ಎಂದಳು. ನೆನಪಿತ್ತು ಎಂದು ನನಗೆ ಗೊತ್ತು.

ಅಣ್ಣನ ಮಗಳಿಗೆ ಕೊನೆಗೂ ಪಟ್ಟಿ ಕಳಿಸಿದೆ. ಚಿಕ್ಕದೇ. ನಾಟಕಕ್ಕೆ ರಂಗಶಂಕರ, ಅರ್ಧ ಗಂಟೆ ಮೊದಲೇ ಹೋಗು. ಕಲಾಕ್ಷೇತ್ರ ಮತ್ತು ಅದರ ಹಿಂದಿನ ಸಂಸ ಬಯಲು, ರಾತ್ರಿ ತಡವಾದರೆ ಒಬ್ಬಳೇ ಬಸ್ಸಿಗೆ ಕಾಯಬೇಡ, ನನಗೆ ಫೋನ್ ಮಾಡು. ಹನುಮಂತನಗರದ ಕೆ.ಎಚ್. ಕಲಾಸೌಧ, ಹೊಸ ತಂಡಗಳನ್ನು ನೋಡಲು ಒಳ್ಳೆಯದು. ದೊಡ್ಡ ಪರದೆಯ ಸಿನಿಮಾಕ್ಕೆ ಲಾಲ್‌ಬಾಗ್ ರಸ್ತೆಯ ಊರ್ವಶಿ. ಎಲ್ಲೂ ಸಿಗದ ಸಿನಿಮಾಕ್ಕೆ ಬನಶಂಕರಿಯ ಸುಚಿತ್ರಾ, 1971ರಿಂದ ಈ ಊರಿಗೆ ಸಿನಿಮಾ ನೋಡುವುದನ್ನು ಕಲಿಸುತ್ತಿರುವ ಫಿಲಂ ಸೊಸೈಟಿ. ಕಂಪನಿ ನಾಟಕ ಬಂದರೆ ಗಾಂಧಿನಗರದ ಗುಬ್ಬಿ ವೀರಣ್ಣ ರಂಗಮಂದಿರ, ಅಲ್ಲಿಗೆ ಅಜ್ಜಿಯನ್ನು ಬಿಟ್ಟು ಹೋಗಬೇಡ.

ಮುಂದಿನ ಭಾನುವಾರ ಅವಳು ಹಾಸ್ಟೆಲ್ಲಿನಿಂದ ಮನೆಗೇ ಬಂದಳು. ಕಿಟಕಿಯ ಪರದೆ ಎಳೆದು, ಟಿ.ವಿ.ಯಲ್ಲಿ ‘ಪಥೇರ್ ಪಾಂಚಾಲಿ’ ಹಾಕಿದೆವು. ಮುದುಕಿ ಗಂಟು ಎತ್ತಿಕೊಂಡು ಹೊರಟಾಗ ಹುಡುಗಿ ಅಜ್ಜಿಯ ಕಡೆ ತಿರುಗಿ, ‘ಎಲ್ಲಿಗೆ ಹೋಗ್ತಾಳಜ್ಜಿ?’ ಎಂದು ಕೇಳಿದಳು. ಅಮ್ಮ ಅವಳಿಗೆ ಹೇಳತೊಡಗಿದಳು. ಪರದೆಯ ಮೇಲೆ ಯಾರೋ ಏನೋ ಮಾತಾಡುತ್ತಿದ್ದರು, ನನಗೆ ಒಂದೂ ಕೇಳಿಸಲಿಲ್ಲ.